ಇಕೋದಲ್ಲಿ ಸಾಮಾನಿಡೋಕೆ ಜಾಗ ಸಾಲುತ್ತಿಲ್ಲ, ಟಾಪ್ ಮೇಲೆ ಬಾಕ್ಸ್ ಹಾಕಿಸಲಾ?

ಸಾಗರದ_ಸವಾರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಸೀಟಿನ ಪೆಟ್ರೋಲ್ ಮಾರುತಿ ಇಕೋ ವ್ಯಾನು. ಹಿಂದಿನ ಸೀಟು ಬಿಚ್ಚಿ ಮನೆಯಲ್ಲಿಟ್ಟು, 18 ಎಂಎಂ ಪ್ಲೈವುಡ್ಡಿನಲ್ಲಿ ಒಂದು ಮಂಚ ಮಾಡಿಸಿದ್ದೇನೆ. ಮಂಚದ ಕೆಳಗೆಲ್ಲ ಪೆಟ್ಟಿಗೆ ಥರ, ಮೇಲಿಂದ ಮುಚ್ಚಳ. ಓಡಾಡೋದು ನಾನು ಮತ್ತು ಹೆಂಡತಿ, ಇಬ್ಬರೇ. ಗೋಕರ್ಣ, ಹಂಪಿ, ಬಾದಾಮಿ ಅಂತ ಮೂರು ಟ್ರಿಪ್ ಆಯ್ತು.

ತೊಂದರೆ ಏನಪ್ಪಾ ಅಂದರೆ ಸ್ಟೌ ಬೇಕು ಅಂದರೂ ಹಾಸಿಗೆ ಎತ್ತಬೇಕು, ಟವೆಲ್ ಬೇಕು ಅಂದರೂ ಹಾಸಿಗೆ ಎತ್ತಬೇಕು, ಬೇಸತ್ತು ಈಗ ಎಲ್ಲ ಸಾಮಾನೂ ಹಾಸಿಗೆ ಮೇಲೇ ಬಿದ್ದಿರುತ್ತೆ, ರಾತ್ರಿ ಅದನ್ನೆಲ್ಲ ಮುಂದಿನ ಸೀಟಿಗೆ ಸಾಗಿಸಿ ಮಲಗೋದು, ಬೆಳಿಗ್ಗೆ ಮತ್ತೆ ಹಿಂದಕ್ಕೆ. ಟಾಪ್ ಮೇಲೆ ಕ್ಯಾರಿಯರ್ ಹಾಕಿಸಿ ಒಂದು ದೊಡ್ಡ ಬಾಕ್ಸ್ ಕೂರಿಸೋಣ ಅಂತಿದ್ದೇನೆ. ಸ್ಟೌ, ಸಿಲಿಂಡರ್, ಎರಡು 20 ಲೀಟರ್ ನೀರಿನ ಕ್ಯಾನ್ ಮೇಲೆ ಹೋದರೆ ಒಳಗೆ ಆರಾಮ ಅಲ್ವಾ? ಹಾಕಿಸಿದವರು ಯಾರಾದರೂ ಇದ್ದರೆ ಹೇಳಿ.

ಘಟ್ಟ_ಇಳಿದವನು

ಸರ್, ನೀರಿನ ಕ್ಯಾನ್ ಮಾತ್ರ ಮೇಲೆ ಇಡಬೇಡಿ, ದಯವಿಟ್ಟು. ಎರಡು ಕ್ಯಾನ್ ಅಂದರೆ 40 ಕೆಜಿ. ಸಿಲಿಂಡರ್, ಸ್ಟೌ, ಬಾಕ್ಸ್, ಕ್ಯಾರಿಯರ್ ಕಬ್ಬಿಣ ಎಲ್ಲ ಸೇರಿದರೆ ತಲೆ ಮೇಲೆ ಒಬ್ಬ ದಪ್ಪ ಮನುಷ್ಯನನ್ನು ಕೂರಿಸಿಕೊಂಡು ಹೋದ ಹಾಗೆ. ಇಕೋ ಮೊದಲೇ ಸಪೂರ ಗಾಡಿ. ಅಗಲ 1475 ಎಂಎಂ, ಎತ್ತರ 1825 ಎಂಎಂ.

ನಾನು ಇದೇ ತಪ್ಪು ಮಾಡಿದ್ದೆ. ಮೇಲೆ ನೀರು, ಟೆಂಟು, ಕುರ್ಚಿ ಎಲ್ಲ ಹೇರಿಕೊಂಡು ಚಾರ್ಮಾಡಿ ಇಳಿಯುವಾಗ ಪ್ರತಿ ತಿರುವಿನಲ್ಲೂ ಗಾಡಿ ಹೊರಗೆ ವಾಲುತ್ತಿತ್ತು. ಸ್ಟೇರಿಂಗ್ ನೇರ ಮಾಡಿದ ಮೇಲೂ ಒಂದು ಗಳಿಗೆ ತೂಗಾಡಿಯೇ ನಿಲ್ಲೋದು. ಪಕ್ಕದಲ್ಲಿ ಕೂತಿದ್ದ ನಮ್ಮಪ್ಪ ಕೊಟ್ಟಿಗೆಹಾರದಿಂದ ಉಜಿರೆವರೆಗೆ ಒಂದು ಮಾತೂ ಆಡಲಿಲ್ಲ. ಅವರು ಸುಮ್ನೆ ಕೂರುವ ಮನುಷ್ಯ ಅಲ್ಲ.

ಇನ್ನೊಂದು ವಿಷಯ. ಬಾಕ್ಸ್ ಕೂರಿಸಿದ ಮೇಲೆ ಒಟ್ಟು ಎತ್ತರ ಏಳೂವರೆ ಅಡಿ ಹತ್ತಿರ ಬಂತು. ಬೆಂಗಳೂರಿನ ಒಂದು ಮಾಲ್‌ನ ಬೇಸ್‌ಮೆಂಟಿಗೆ ಇಳಿಯೋಕೆ ಹೋಗಿ, ಅಡ್ಡ ಕಂಬಿಗೆ ಬಾಕ್ಸ್ ಬಡಿದು, ಹಿಂದೆ ಸಾಲುಗಟ್ಟಿ ನಿಂತವರ ಹಾರ್ನ್ ಕೇಳುತ್ತಾ ರಿವರ್ಸ್ ತೆಗೆದಿದ್ದು ಈಗಲೂ ನೆನಪಿದೆ. ಮೇಲೆ ಇಡೋದಾದರೆ ಹಾಸಿಗೆ, ಚಾಪೆ, ಖಾಲಿ ಕ್ಯಾನ್, ಅಷ್ಟೇ.

ಬಡಗಿ_ಮಗ

ನಿಮಗೆ ಕಡಿಮೆ ಇರೋದು ಜಾಗ ಅಲ್ಲ ಸರ್, ಬಾಗಿಲು. ಮಂಚದ ಕೆಳಗೆ ಅಷ್ಟು ಜಾಗ ಇಟ್ಟುಕೊಂಡು ಮುಚ್ಚಳ ಮೇಲಕ್ಕೆ ಮಾಡಿಸಿದ್ದೀರಿ, ಅದರ ಮೇಲೇ ಮಲಗುತ್ತೀರಿ! ಹಿಂದಿನ ಡಿಕ್ಕಿ ಕಡೆಗೆ ಬಾಯಿ ಮಾಡಿ. ಡ್ರಾಯರ್ ಬೇಕು ಅಂದರೆ ಅದು ಜಾರೋಕೆ ಟೆಲಿಸ್ಕೋಪಿಕ್ ಚಾನೆಲ್ ಅಂತ ಕಂಬಿ ಬರುತ್ತೆ, 45 ಕೆಜಿ ತಡೆಯೋದು ತಗೊಳ್ಳಿ. ಆದರೆ ಘಾಟಿ ಹತ್ತುವಾಗ ಡ್ರಾಯರ್ ತಾನೇ ಹಿಂದಕ್ಕೆ ಜಾರುತ್ತೆ, ಅದಕ್ಕೆ ಒಂದು ಟವರ್ ಬೋಲ್ಟ್ (ಚಿಲಕ) ಹಾಕಲೇಬೇಕು. ನನ್ನ ಕೇಳಿದರೆ ಡ್ರಾಯರೂ ಬೇಡ. ಮಾರ್ಕೆಟ್ಟಿನಲ್ಲಿ ಸಿಗೋ ಟೊಮೆಟೊ ಕ್ರೇಟ್ ಎರಡೋ ಮೂರೋ ತಂದು ಮಂಚದ ಕೆಳಗೆ ತಳ್ಳಿ. ಒಂದು ಅಡುಗೆಗೆ, ಒಂದು ಬಟ್ಟೆಗೆ. ಬೇಕಾದಾಗ ಎಳೆದು ಹೊರಗೆ ಇಟ್ಟರೆ ಆಯ್ತು, ತೊಳೆಯೋಕೂ ಸುಲಭ.

ಇನ್ನು 18 ಎಂಎಂ ಯಾಕೆ? ಎಂಟು ಅಡಿಗೆ ನಾಲ್ಕು ಅಡಿಯ ಒಂದು ಶೀಟೇ ಸುಮಾರು 35 ಕೆಜಿ ತೂಗುತ್ತೆ. ಒಂದು ಇಂಚಿನ ಅಲ್ಯೂಮಿನಿಯಂ ಚೌಕ ಪೈಪಿನಲ್ಲಿ ಚೌಕಟ್ಟು ಮಾಡಿ, ಮೇಲೆ 9 ಎಂಎಂ ಹಾಕಿದ್ದರೆ ಹಲಗೆ ತೂಕ ಅರ್ಧಕ್ಕೆ ಇಳಿಯುತ್ತಿತ್ತು. ನಿಮ್ಮ ಸಾಗರ ಊರಿನ ಮಳೆಗೆ ನೀರು ತಡೆಯೋ 710 ಗ್ರೇಡ್ ಪ್ಲೈ ಬೇಕು. ಮಾಮೂಲಿ 303 ಗ್ರೇಡ್ ಹಾಕಿದ್ದರೆ ಎರಡು ಮಳೆಗಾಲದಲ್ಲಿ ಅಂಚು ಉಬ್ಬುತ್ತೆ. ಹಾಸಿಗೆ ಕೆಳಗೆ ಗಾಳಿಯಾಡೋಕೆ ಹಲಗೆಗೆ ಅಲ್ಲಲ್ಲಿ ತೂತು ಹೊಡೆಸಿ, ಇಲ್ಲಾಂದರೆ ಬೂಷ್ಟು ಹಿಡಿಯುತ್ತೆ.

ಧಾರವಾಡದ_ಅಕ್ಕ

ನಾನು ಹೇಳೋದು ಬೇರೆ. ಹಿಂದಿನ ಕಾಲದಲ್ಲಿ ಅಡುಗೆ ಮನೇಲಿ ನೆಲವು ಕಟ್ಟುತ್ತಿದ್ದರಲ್ಲ, ಮೊಸರಿನ ಗಡಿಗೆ ಇಡೋಕೆ, ಅದನ್ನೇ ಗಾಡಿಯಲ್ಲಿ ಕಟ್ಟಿದ್ದೇವೆ. ಸೀಲಿಂಗ್ ಕೆಳಗೆ ಉದ್ದಕ್ಕೂ ಒಂದು ಮೀನಿನ ಬಲೆ, ನಾಲ್ಕು ಮೂಲೆಗೆ ಹುಕ್. ಬಟ್ಟೆ, ಟವೆಲ್, ಬ್ರೆಡ್ಡು, ಟಾರ್ಚು ಎಲ್ಲ ಅದರಲ್ಲೇ. ಗಟ್ಟಿ ಸಾಮಾನು ಮಾತ್ರ ಬೇಡ, ಬ್ರೇಕ್ ಹಾಕಿದಾಗ ತಲೆಗೆ ಬರುತ್ತೆ. ಕೌದಿಯನ್ನು ದಿಂಬಿನ ಕವರಿಗೆ ತುರುಕಿದರೆ ಹಗಲು ದಿಂಬು, ರಾತ್ರಿ ಹೊದಿಕೆ. ಸೂಟ್‌ಕೇಸ್ ಮನೇಲಿ ಬಿಟ್ಟು ಬಟ್ಟೆ ಚೀಲ ತನ್ನಿ, ಖಾಲಿ ಆದರೆ ಮಡಚಿ ಇಡಬಹುದು. ಮುಂದಿನ ಸೀಟಿನ ಕೆಳಗೆ ಜಾಗ ಸಿಕ್ಕಿತು ಅಂತ ಏನೂ ತುರುಕಬೇಡಿ, ಅಲ್ಲೇ ಇಂಜಿನ್ ಇರೋದು. ಸೀಟಿನ ಬುಡದಲ್ಲಿ ಸಿಕ್ಕಿಸಿದ್ದ ನಮ್ಮ ಮೇಣದಬತ್ತಿ ಪಾಕೆಟ್ ಮುದ್ದೆ ಆಗಿ ಹೋಯ್ತು.

ಹಾಂ, ಸಿಲಿಂಡರನ್ನು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರೆ ಈವತ್ತೇ ತೆಗೀರಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕೆಳಗೇ ನಿಲ್ಲುತ್ತೆ, ನೀವು ಅದರ ಮೇಲೆ ಮಲಗಿರುತ್ತೀರಿ. ನಾವು ರಾತ್ರಿ ಅದನ್ನು ಗಾಡಿಯಿಂದ ಹೊರಗೇ ಇಡುತ್ತೇವೆ.

ಆರ್‌ಸಿ_ನೋಡಿ_ಮೊದಲು

ಯಾರೂ ಹೇಳಲಿಲ್ಲ ಅಂತ ಹೇಳುತ್ತಿದ್ದೇನೆ. ಸೀಟು ಬಿಚ್ಚಿಟ್ಟಿದ್ದೀರಿ, ಆರ್‌ಸಿಯಲ್ಲಿ ಸೀಟಿನ ಸಂಖ್ಯೆ ಇನ್ನೂ 5 ಅಂತಲೇ ಇರುತ್ತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿ ಹಿಡಿದಿದೆ. ಟಾಪ್ ಬಾಕ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳೋಕೆ ಮುಂಚೆ ಸೀಟಿನ ವಿಷಯ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಕ್ಲೇಮ್ ಹೊತ್ತಿಗೆ ವಾದ ಮಾಡೋ ಬದಲು ಈಗಲೇ ಕೇಳೋದು ವಾಸಿ.

ಸಾಗರದ_ಸವಾರಿ

ಎಲ್ಲರಿಗೂ ಥ್ಯಾಂಕ್ಸ್. ಬಡಗಿ ಅವರ ಮಾತು ಓದಿ ಮೊದಲು ನಗು ಬಂತು, ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಭಾನುವಾರ ಹಿಂದಿನ ಹಲಗೆ ಕೊಯ್ದು ಬಾಯಿ ಮಾಡಿದೆ. ಸದ್ಯಕ್ಕೆ ಎರಡು ಕ್ರೇಟ್ ಹೋಗಿವೆ. ನೀರಿನ ಕ್ಯಾನ್ ಎರಡೂ ಮುಂದಿನ ಸೀಟಿನ ಬೆನ್ನಿಗೆ ಒರಗಿಸಿ ನೆಲದಲ್ಲೇ ಕೂರಿಸಿ ಬೆಲ್ಟ್ ಬಿಗಿದೆ. ಸಿಲಿಂಡರ್ ಪೆಟ್ಟಿಗೆಯಿಂದ ಹೊರಗೆ ಬಂತು. ಟಾಪ್ ಬಾಕ್ಸ್ ಕ್ಯಾನ್ಸಲ್. ಸೀಟಿನ ವಿಷಯ ಕೇಳೋಕೆ ಸೋಮವಾರ ಆರ್‌ಟಿಒ ಹೋಗುತ್ತೇನೆ.

ಅಕ್ಕಾ, ಆ ಬಲೆಯ ಹುಕ್ ಎಲ್ಲಿ ಹಾಕಿದಿರಿ? ಟಾಪ್ ಶೀಟಿಗೆ ತೂತು ಹೊಡೆಯೋಕೆ ಕೈ ಬರುತ್ತಿಲ್ಲ.

ಧಾರವಾಡದ_ಅಕ್ಕ

ತೂತು ಯಾಕಪ್ಪಾ, ನಿಮ್ಮೂರಿನ ಮಳೆ ನೇರ ಹಾಸಿಗೆಗೇ ಬೀಳುತ್ತೆ. ಮಂಚದ ನಾಲ್ಕು ಮೂಲೆಯಿಂದ ಅಲ್ಯೂಮಿನಿಯಂ ಪೈಪ್ ನಿಲ್ಲಿಸಿ, ಸೊಳ್ಳೆ ಪರದೆ ಕಟ್ಟೋ ಹಾಗೆ ಕಟ್ಟಿ. ಫೋಟೋ ರಾತ್ರಿ ಹಾಕುತ್ತೇನೆ.