ಮಕ್ಕಳ ಸಂಖ್ಯೆ ಇಳಿದಿದೆ, ಬಜೆಟ್ ಏರಿದೆ: ಸ್ಕೂಲ್ ಡಿಸ್ಟ್ರಿಕ್ಟ್ ಲೆಕ್ಕವನ್ನು ಓದುವುದು ಹೇಗೆ?

ಸುರಗಿ ಕೇಳಿದ್ದು:

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ ನಮಸ್ಕಾರ. ನನ್ನ ಮಗಳು ಎರಡನೇ ತರಗತಿಯಲ್ಲಿದ್ದಾಳೆ, ಮಗ ಬರುವ ಆಗಸ್ಟ್‌ನಲ್ಲಿ ಕಿಂಡರ್‌ಗಾರ್ಟನ್ ಸೇರಬೇಕು. ನಮ್ಮ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ ಪತ್ರ ಬಂದಿದೆ. ಮಕ್ಕಳ ದಾಖಲಾತಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಎರಡು ಪ್ರಾಥಮಿಕ ಶಾಲೆಗಳನ್ನು ಸೇರಿಸಿ ಒಂದು ಮಾಡುವ ವಿಚಾರ ಡಿಸ್ಟ್ರಿಕ್ಟ್‌ನ ಆಡಳಿತ ಮಂಡಳಿಯಾದ ಬೋರ್ಡ್ ಮುಂದಿದೆಯಂತೆ. ಆ ಎರಡರಲ್ಲಿ ಒಂದು ನಮ್ಮ ಶಾಲೆ.

ಬಜೆಟ್ ಪುಸ್ತಕ ತೆರೆದು ನೋಡಿದರೆ ಒಟ್ಟು ಮೊತ್ತ ಐದು ವರ್ಷಗಳ ಹಿಂದಿಗಿಂತ ಹೆಚ್ಚಾಗಿಯೇ ಇದೆ. ಮಕ್ಕಳು ಕಡಿಮೆ, ಹಣ ಹೆಚ್ಚು ಎಂದಾದರೆ ಗ್ರಂಥಾಲಯ ವಾರದಲ್ಲಿ ಎರಡೇ ದಿನ ತೆರೆಯುವುದೇಕೆ? ಒಬ್ಬರೇ ಕೌನ್ಸೆಲರ್ ಎರಡು ಶಾಲೆಗಳ ನಡುವೆ ಓಡಾಡುವುದೇಕೆ? ಮುಂದಿನ ಬೋರ್ಡ್ ಸಭೆಯಲ್ಲಿ ಮಾತನಾಡಬೇಕೆಂದಿದ್ದೇನೆ. ಅಲ್ಲಿ ಬರೀ ದುಃಖ ತೋಡಿಕೊಂಡು ಬರಲು ನನಗೆ ಇಷ್ಟವಿಲ್ಲ, ಅಂಕಿ ಅಂಶ ಹಿಡಿದು ಕೇಳಬೇಕು. ಎಲ್ಲಿಂದ ಓದಲು ಶುರು ಮಾಡಲಿ?

ಹೊಳೆಸಾಲು:

ನನಗೂ ಇದೇ ಪ್ರಶ್ನೆಯಿದೆ. ನಮ್ಮ ಬೀದಿಯಲ್ಲಿ ಮನೆಗಳ ಬೆಲೆ ಆಕಾಶಕ್ಕೇರಿದೆ, ಆಸ್ತಿ ತೆರಿಗೆಯೂ ಅದಕ್ಕೆ ತಕ್ಕಂತಿದೆ. ಆ ಹಣವೆಲ್ಲ ಶಾಲೆಗೆ ಹೋಗುವುದಿಲ್ಲವೇ? ಪಾಲೋ ಆಲ್ಟೊದಲ್ಲಿರುವ ನನ್ನ ಗೆಳೆಯ ತಮ್ಮಲ್ಲಿ ಮಕ್ಕಳು ಕಡಿಮೆಯಾದರೆ ಒಬ್ಬೊಬ್ಬರಿಗೆ ಸಿಗುವ ಹಣ ಹೆಚ್ಚುತ್ತದೆ ಎನ್ನುತ್ತಾನೆ. ನಮ್ಮಲ್ಲಿ ಏಕೆ ಹಾಗಿಲ್ಲ?

ತಾಳೆಪಟ್ಟಿ:

ಇದೇ ರಾಜ್ಯದ ಇನ್ನೊಂದು ಡಿಸ್ಟ್ರಿಕ್ಟ್‌ನ ಹಣಕಾಸು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಏಕೆಂದರೆ ಒಟ್ಟು ಮೊತ್ತ ನೋಡಿ ಪೋಷಕರು ಕೆರಳುವುದನ್ನೂ, ಬೋರ್ಡ್‌ನವರು ಆ ಮಾತನ್ನು ಸುಲಭವಾಗಿ ಬದಿಗೆ ಸರಿಸುವುದನ್ನೂ ನೋಡಿ ನನಗೆ ಬೇಸರವಾಗಿದೆ. ನ್ಯಾಯವಾದ ಪ್ರಶ್ನೆಗಳು ಬೇರೆಯೇ ಇರುತ್ತವೆ.

ಸುರಗಿಯವರೇ, ಒಟ್ಟು ಮೊತ್ತವನ್ನು ಸದ್ಯಕ್ಕೆ ಮರೆತುಬಿಡಿ. ಅದರಲ್ಲಿ ಬೋರ್ಡ್ ತನ್ನ ವಿವೇಚನೆಯಿಂದ ಖರ್ಚು ಮಾಡಬಹುದಾದ ಹಣವೂ ಇದೆ, ಇಂಥದ್ದಕ್ಕೇ ಎಂದು ಷರತ್ತು ಕಟ್ಟಿಕೊಂಡು ಬಂದ ಹಣವೂ ಇದೆ. ವಿಶೇಷ ಶಿಕ್ಷಣಕ್ಕೆ ಬಂದದ್ದರಲ್ಲಿ ಗ್ರಂಥಪಾಲಕರಿಗೆ ಸಂಬಳ ಕೊಡುವಂತಿಲ್ಲ. ಇನ್ನೊಂದು ಬಗೆಯದು ಒಮ್ಮೆ ಬಂದು ಮುಗಿದುಹೋಗುವ ಹಣ. ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ಕೇಂದ್ರ ಸರ್ಕಾರ ದೇಶದ ಶಾಲೆಗಳಿಗೆ ಮೂರು ಕಂತುಗಳಲ್ಲಿ ಸುಮಾರು 19,000 ಕೋಟಿ ಡಾಲರ್ ಕೊಟ್ಟಿತು. ಕೊನೆಯ ಕಂತನ್ನು ಯಾವುದಕ್ಕೆ ಬಳಸುವುದೆಂದು 2024ರ ಸೆಪ್ಟೆಂಬರ್ 30ರೊಳಗೆ ಗೊತ್ತುಮಾಡಬೇಕಿತ್ತು. ಆ ಹಣದ ಬಲದ ಮೇಲೆ ಎಷ್ಟೋ ಕಡೆ ಕೌನ್ಸೆಲರ್‌ಗಳನ್ನು ನೇಮಿಸಿಕೊಂಡಿದ್ದರು. ಹಣ ಮುಗಿಯಿತು, ಸಂಬಳದ ಹೊರೆ ಉಳಿಯಿತು. ನಿಮ್ಮ ಕೌನ್ಸೆಲರ್ ಎರಡು ಶಾಲೆಗಳಿಗೆ ಹಂಚಿಹೋಗಿರುವುದರ ಹಿಂದೆ ಇದೇ ಕಾರಣ ಇದೆಯೇ ಎಂದು ಕೇಳಿ. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳು ಎಂಬುದು ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘದ ಶಿಫಾರಸು. ನಿಮ್ಮಲ್ಲಿ ಆ ಲೆಕ್ಕ ಎಷ್ಟಿದೆ ಎಂಬುದನ್ನೂ ಕೇಳಿ.

ಈಗ ವಿವೇಚನೆಯ ಹಣದ ವಿಚಾರ. 2013ರಿಂದ ಇಲ್ಲಿ ರಾಜ್ಯ ಶಾಲೆಗಳಿಗೆ ಹಣ ಹಂಚುತ್ತಿರುವುದು ಎಲ್‌ಸಿಎಫ್‌ಎಫ್ (ಲೋಕಲ್ ಕಂಟ್ರೋಲ್ ಫಂಡಿಂಗ್ ಫಾರ್ಮುಲಾ) ಎಂಬ ಸೂತ್ರದಂತೆ. ತರಗತಿಯ ಮಟ್ಟಕ್ಕೆ ತಕ್ಕಂತೆ ಪ್ರತಿ ಮಗುವಿಗೆ ಮೂಲ ಅನುದಾನ ಇರುತ್ತದೆ. ಕಡಿಮೆ ಆದಾಯದ ಮನೆಯ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಫಾಸ್ಟರ್ ಕೇರ್‌ನಲ್ಲಿ, ಅಂದರೆ ಹೆತ್ತವರ ಬದಲು ಬೇರೆಯವರ ಆರೈಕೆಯಲ್ಲಿರುವ ಮಕ್ಕಳು ಇದ್ದರೆ ಅವರ ಪಾಲಿಗೆ ಮೂಲದ 20 ಪ್ರತಿಶತ ಹೆಚ್ಚುವರಿ ಸೇರುತ್ತದೆ. ಇಂಥ ಮಕ್ಕಳ ಪ್ರಮಾಣ 55 ಪ್ರತಿಶತ ದಾಟಿದ ಡಿಸ್ಟ್ರಿಕ್ಟ್‌ಗಳಿಗೆ ಮತ್ತೂ ಇದೆ. ಪಕ್ಕದೂರಿನ ಡಿಸ್ಟ್ರಿಕ್ಟ್‌ಗೆ ತಲಾ ಹಣ ಹೆಚ್ಚು ಸಿಗುತ್ತಿದ್ದರೆ ಮೊದಲು ಈ ಪ್ರಮಾಣವನ್ನು ನೋಡಿ. ಅಲ್ಲಿನ ಮಕ್ಕಳ ಅಗತ್ಯ ದೊಡ್ಡದೆಂದು ಕಾನೂನೇ ಒಪ್ಪಿಕೊಂಡು ಕೊಟ್ಟ ಹಣ ಅದು, ಅದರ ಬಗ್ಗೆ ಹೊಟ್ಟೆಕಿಚ್ಚು ಬೇಡ.

ರಾಜ್ಯ ಹಣ ಕೊಡುವುದು ದಾಖಲಾದ ಮಕ್ಕಳ ತಲೆ ಎಣಿಸಿ ಅಲ್ಲ, ದಿನದ ಸರಾಸರಿ ಹಾಜರಾತಿ ನೋಡಿ. ಅಕ್ಟೋಬರ್‌ನ ಮೊದಲ ಬುಧವಾರ ತೆಗೆಯುವ ಎಣಿಕೆ ದಾಖಲಾತಿಯದು. ಹಣದ ಲೆಕ್ಕಕ್ಕೆ ಬರುವುದು ವರ್ಷದುದ್ದಕ್ಕೂ ತರಗತಿಯಲ್ಲಿ ಕುಳಿತಿದ್ದವರ ಸಂಖ್ಯೆ. ಜ್ವರ ಬಂದು ರಜೆ ಹಾಕಿದರೂ ಆ ದಿನದ ಹಣವಿಲ್ಲ. ನಮ್ಮವರು ಡಿಸೆಂಬರ್ ರಜೆಗೆ ಹಿಂದೆ ಮುಂದೆ ಎರಡು ವಾರ ಸೇರಿಸಿ ಊರಿಗೆ ಹೋಗುತ್ತೇವಲ್ಲ, ಆಗಲೂ ಹಾಗೆಯೇ. ಹೋಗಬೇಡಿ ಎನ್ನುತ್ತಿಲ್ಲ, ಅಜ್ಜಿ ತಾತಂದಿರನ್ನು ನೋಡುವುದು ಮಕ್ಕಳಿಗೆ ಬೇಕು. ಹೊರಡುವ ಮೊದಲೇ ಶಾಲಾ ಕಚೇರಿಯಲ್ಲಿ ‘ಇಂಡಿಪೆಂಡೆಂಟ್ ಸ್ಟಡಿ’ ಒಪ್ಪಂದಕ್ಕೆ ಸಹಿ ಹಾಕಿ, ಕೊಟ್ಟ ಪಾಠವನ್ನು ಮಗುವಿನಿಂದ ಮಾಡಿಸಿ ತಂದು ಒಪ್ಪಿಸಿದರೆ ಆ ದಿನಗಳಿಗೂ ಹಾಜರಾತಿ ಸಿಗುತ್ತದೆ. ಇದನ್ನು ನೂರು ಮನೆಯವರು ಮಾಡಿದರೆ ಎಷ್ಟು ಹಣ ಉಳಿಯುತ್ತದೆ ಎಂಬುದು ನನಗೆ ಕೆಲಸದ ಮೇಜಿನ ಮೇಲೆಯೇ ಕಾಣುತ್ತದೆ.

ದಾಖಲಾತಿ ಇಳಿದ ಕೂಡಲೇ ಹಣವೂ ಧೊಪ್ಪನೆ ಬೀಳುವುದಿಲ್ಲ. ಈ ವರ್ಷದ ಹಾಜರಾತಿ, ಹಿಂದಿನ ವರ್ಷದ್ದು, ಹಿಂದಿನ ಮೂರು ವರ್ಷಗಳ ಸರಾಸರಿ ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ರಾಜ್ಯ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಇಂದು ಬಜೆಟ್ ಗಟ್ಟಿಯಾಗಿ ಕಂಡರೂ ಇಳಿಕೆಯ ಪೆಟ್ಟು ಮುಂದಿನ ವರ್ಷಗಳಲ್ಲಿ ತಗಲುತ್ತದೆ. ರಾಜ್ಯದಾದ್ಯಂತ ಇದೇ ಕಥೆ: 2019–20ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಸುಮಾರು 62 ಲಕ್ಷ ಮಕ್ಕಳಿದ್ದರು, 2023–24ಕ್ಕೆ ಸುಮಾರು 58 ಲಕ್ಷ. ಜನನ ಕಡಿಮೆಯಾಗಿದೆ, ಎಳೆಯ ಮಕ್ಕಳಿರುವ ಮನೆಯವರು ಬಾಡಿಗೆ ತಾಳಲಾರದೆ ದೂರ ಹೋಗುತ್ತಿದ್ದಾರೆ.

ಮಕ್ಕಳು ಕಡಿಮೆಯಾದಷ್ಟೇ ಖರ್ಚೂ ಕಡಿಮೆಯಾಗಬೇಕಲ್ಲವೇ ಎನ್ನುತ್ತೀರಿ. ಎಂಟು ಪ್ರಾಥಮಿಕ ಶಾಲೆಗಳಿರುವ ಒಂದು ಡಿಸ್ಟ್ರಿಕ್ಟ್ ಎಂದುಕೊಳ್ಳಿ. ಕಿಂಡರ್‌ಗಾರ್ಟನ್‌ನಿಂದ ಐದನೆಯವರೆಗೆ ಶಾಲೆಗೆ ಆರರಂತೆ ಒಟ್ಟು 48 ತರಗತಿ. ಒಂದು ವರ್ಷದಲ್ಲಿ 60 ಮಕ್ಕಳು ಕಡಿಮೆಯಾದರು. ಅಂದರೆ ತರಗತಿಗೆ ಒಬ್ಬರೋ ಇಬ್ಬರೋ. ಯಾವ ಶಿಕ್ಷಕರನ್ನು ಬಿಡುತ್ತೀರಿ? ಯಾವ ಕೋಣೆಯ ದೀಪ ಆರಿಸುತ್ತೀರಿ? ಬಸ್ಸು ಅದೇ ದಾರಿಯಲ್ಲಿ ಓಡಬೇಕು. 60 ಮಕ್ಕಳ ಹಣ ಹೋಯಿತು, ಖರ್ಚು ಹಾಗೆಯೇ ಉಳಿಯಿತು. ಬಜೆಟ್‌ನ ಬಹುಪಾಲು ಸಂಬಳ ಮತ್ತು ಪಿಂಚಣಿಯೇ ಆದ್ದರಿಂದ ಕೊನೆಗೆ ಕತ್ತರಿ ಬೀಳುವುದು ಕಾನೂನು ಕಡ್ಡಾಯ ಮಾಡದ ಹುದ್ದೆಗಳ ಮೇಲೆ. ಗ್ರಂಥಾಲಯ ಅಂಥದ್ದು.

ಶಾಲೆ ಮುಚ್ಚಿದರೆ ಎಲ್ಲವೂ ಸರಿಹೋಗುತ್ತದೆ ಎಂದೂ ಅಲ್ಲ. ಶಿಕ್ಷಕರಲ್ಲಿ ಹೆಚ್ಚಿನವರು ಮಕ್ಕಳ ಜೊತೆಗೇ ಇನ್ನೊಂದು ಶಾಲೆಗೆ ಹೋಗುತ್ತಾರೆ. ಉಳಿತಾಯವಾಗುವುದು ಪ್ರಾಂಶುಪಾಲರು, ಕಚೇರಿ ಸಿಬ್ಬಂದಿ, ಸ್ವಚ್ಛತೆ, ವಿದ್ಯುತ್ ಇವುಗಳ ವೆಚ್ಚ. ಬೇಸತ್ತು ಡಿಸ್ಟ್ರಿಕ್ಟ್ ಬಿಟ್ಟು ಹೋಗುವ ಮನೆಗಳ ಹಣವನ್ನು ಅದರಿಂದ ಕಳೆಯಬೇಕು. ನಿವ್ವಳ ಉಳಿತಾಯ ಎಷ್ಟು, ಎಷ್ಟು ಮನೆಯವರು ಬಿಟ್ಟುಹೋಗುವರೆಂದು ಅಂದಾಜಿಸಿದ್ದೀರಿ ಎಂದು ಸಭೆಯಲ್ಲಿ ಕೇಳಿ. ಉತ್ತರ ಸಿದ್ಧವಿಲ್ಲದಿದ್ದರೆ ತೀರ್ಮಾನ ಮುಂದೂಡಿ ಎನ್ನುವುದಕ್ಕೆ ನಿಮಗೆ ಪೂರ್ಣ ಹಕ್ಕಿದೆ.

ಓದಲು ಶುರು ಮಾಡಬೇಕಾದದ್ದು ಡಿಸೆಂಬರ್ 15ರೊಳಗೆ ಬೋರ್ಡ್ ಒಪ್ಪಬೇಕಾದ ಮೊದಲ ಮಧ್ಯಂತರ ಹಣಕಾಸು ವರದಿಯಿಂದ. ಅದರಲ್ಲಿ ಈ ವರ್ಷದ್ದೂ ಮುಂದಿನ ಎರಡು ವರ್ಷಗಳದ್ದೂ ಅಂದಾಜು ಇರುತ್ತದೆ. ಷರತ್ತಿಲ್ಲದ ಹಣದ ಸಾಲನ್ನು ಮಾತ್ರ ಹಿಡಿದು, ಮೂರೂ ವರ್ಷ ಆದಾಯಕ್ಕಿಂತ ಖರ್ಚು ಹೆಚ್ಚಿದೆಯೇ, ಮೀಸಲು ನಿಧಿ ಕರಗುತ್ತಿದೆಯೇ ನೋಡಿ. ಹಾಜರಾತಿ 1,001ರಿಂದ 30,000ದವರೆಗಿರುವ ಡಿಸ್ಟ್ರಿಕ್ಟ್ ತನ್ನ ಖರ್ಚಿನ ಕನಿಷ್ಠ 3 ಪ್ರತಿಶತ ಮೀಸಲು ಇಡಬೇಕು. ಆ ಮೀಸಲು ಎಷ್ಟೋ ಪಟ್ಟು ಮೀರಿ ಉಳಿದಿದ್ದರೆ ಇಷ್ಟು ಆತುರವೇಕೆ ಎಂಬ ಪ್ರಶ್ನೆಗೆ ಬಲ ಬರುತ್ತದೆ.

ಹೊಳೆಸಾಲು ಅವರಿಗೆ: ರಾಜ್ಯದ ಮತದಾರರು 1978ರಲ್ಲಿ ಒಪ್ಪಿದ ಪ್ರೊಪೊಸಿಷನ್ 13 ಎಂಬ ಕಾನೂನಿನ ಪ್ರಕಾರ ಮನೆ ಮಾರಾಟವಾಗುವವರೆಗೆ ಅದರ ತೆರಿಗೆ ಮೌಲ್ಯ ವರ್ಷಕ್ಕೆ 2 ಪ್ರತಿಶತಕ್ಕಿಂತ ಹೆಚ್ಚು ಏರುವಂತಿಲ್ಲ. ಏರಿದ್ದರಲ್ಲಿ ಶಾಲೆಗೆ ಬರುವ ಪಾಲನ್ನೂ ಸೂತ್ರದ ಮೊತ್ತದೊಳಗೇ ಎಣಿಸುತ್ತಾರೆ. ತೆರಿಗೆ ಹೆಚ್ಚಿದಷ್ಟು ರಾಜ್ಯ ತನ್ನ ಪಾಲನ್ನು ಇಳಿಸುತ್ತದೆ. ತೆರಿಗೆಯೇ ಸೂತ್ರದ ಮೊತ್ತವನ್ನು ಮೀರಿದ ಡಿಸ್ಟ್ರಿಕ್ಟ್‌ಗಳು ಮಾತ್ರ ಮಿಕ್ಕಿದ್ದನ್ನು ಇಟ್ಟುಕೊಳ್ಳುತ್ತವೆ. ಪಾಲೋ ಆಲ್ಟೊ ಅಂಥದ್ದು, ನಿಮ್ಮ ಗೆಳೆಯ ಹೇಳಿದ್ದು ಸರಿ.

ಕಡಲಂಚು:

ನಾನು ಇಂಗ್ಲಿಷ್ ಕಲಿಯುವ ಮಕ್ಕಳ ಪೋಷಕರ ಸಮಿತಿಯಲ್ಲಿದ್ದೇನೆ. ಸುರಗಿಯವರೇ, ಮಗನನ್ನು ಸೇರಿಸುವಾಗ ಮನೆ ಭಾಷೆಯ ಅರ್ಜಿಯೊಂದನ್ನು ಕೊಡುತ್ತಾರೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಯಾವುದು ಎಂದೆಲ್ಲ ಅದರಲ್ಲಿ ಕೇಳುತ್ತಾರೆ. ಮಗುವನ್ನು ಹಿಂದಿನ ಬೆಂಚಿಗೆ ತಳ್ಳಿಬಿಡುತ್ತಾರೆ ಎಂಬ ಭಯದಿಂದ ಮನೆಯಲ್ಲಿ ಕನ್ನಡವೇ ಆಡುವವರೂ ಇಂಗ್ಲಿಷ್ ಎಂದು ಬರೆಯುತ್ತಾರೆ. ದಯವಿಟ್ಟು ಇದ್ದದ್ದನ್ನು ಬರೆಯಿರಿ. 30 ದಿನಗಳೊಳಗೆ ಎಲ್ಪ್ಯಾಕ್ ಎಂಬ ಪರೀಕ್ಷೆ ಮಾಡುತ್ತಾರೆ. ಮಗುವಿಗೆ ಇಂಗ್ಲಿಷ್ ಚೆನ್ನಾಗಿ ಬಂದರೆ ವಿಷಯ ಅಲ್ಲಿಗೆ ಮುಗಿಯಿತು. ಬಾರದಿದ್ದರೆ ದಿನವೂ ಭಾಷೆಯ ನೆರವು ಸಿಗುತ್ತದೆ, ಶಾಲೆಗೂ ತಾಳೆಪಟ್ಟಿಯವರು ಹೇಳಿದ ಹೆಚ್ಚುವರಿ ಹಣ ಬರುತ್ತದೆ. ಆ ನೆರವು ಕೊಡಲೇಬೇಕೆಂಬುದು 1974ರ ಲಾವ್ ವಿರುದ್ಧ ನಿಕೋಲ್ಸ್ ಮೊಕದ್ದಮೆಯ ಕಾಲದಿಂದ ಇರುವ ಹಕ್ಕು.

ಊಟದ ಅರ್ಜಿಯದೂ ಇದೇ ಕಥೆ. 2022–23ರಿಂದ ಇಲ್ಲಿ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಊಟ ಉಚಿತ. ಊಟ ಹೇಗೂ ಸಿಗುತ್ತದಲ್ಲ ಎಂದು ಯಾರೂ ಆದಾಯದ ಅರ್ಜಿ ತುಂಬುವುದಿಲ್ಲ. ಅರ್ಹರು ತುಂಬದೆ ಹೋದರೆ ಅವರ ಮಕ್ಕಳು ಹೆಚ್ಚುವರಿ ಹಣ ತರುವ ಕಡಿಮೆ ಆದಾಯದವರ ಎಣಿಕೆಗೇ ಬರದಿರಬಹುದು. ಒಬ್ಬರಿಗೆ ಕೆಲಸ ಹೋಗಿ ಆದಾಯ ಕುಸಿದಿರುವ ಮನೆಗಳು ನಮ್ಮಲ್ಲೂ ಇವೆ. ಸಂಕೋಚ ಪಡಬೇಡಿ, ಅರ್ಜಿ ಗೋಪ್ಯವಾಗಿಯೇ ಇರುತ್ತದೆ.

ಸುರಗಿ:

ಇಬ್ಬರಿಗೂ ತುಂಬು ಹೃದಯದ ಧನ್ಯವಾದಗಳು. ಮಧ್ಯಂತರ ವರದಿ ಡಿಸ್ಟ್ರಿಕ್ಟ್ ಜಾಲತಾಣದಲ್ಲೇ ಸಿಕ್ಕಿತು. ಖರ್ಚು ಮೂರೂ ವರ್ಷ ಆದಾಯವನ್ನು ಮೀರಿದೆ, ಆದರೆ ಮೀಸಲು 3 ಪ್ರತಿಶತಕ್ಕಿಂತ ಸಾಕಷ್ಟು ಮೇಲಿದೆ. ಇನ್ನೊಂದು ಪ್ರಶ್ನೆ: ಪ್ರೌಢಶಾಲೆಯಲ್ಲಿ ಹೊಸ ಕ್ರೀಡಾಂಗಣ ಕಟ್ಟುತ್ತಿದ್ದಾರೆ. ಅದನ್ನು ನಿಲ್ಲಿಸಿ ನಮ್ಮ ಶಾಲೆಯನ್ನು ಉಳಿಸಿ ಎಂದು ಕೇಳಬಹುದೇ?

ತಾಳೆಪಟ್ಟಿ:

ಅದನ್ನು ಕೇಳಬೇಡಿ. ಸಾಮಾನ್ಯವಾಗಿ ಅದು ಮತದಾರರು ಒಪ್ಪಿದ ಬಾಂಡ್ ಹಣ, ಅಂದರೆ ಕಟ್ಟಡಕ್ಕೆಂದೇ ಎತ್ತಿದ ಸಾಲ. ಕಟ್ಟಡಕ್ಕೆ ಬಿಟ್ಟು ಸಂಬಳಕ್ಕೆ ಅದರಲ್ಲಿ ಒಂದು ಸೆಂಟ್ ಕೂಡ ಮುಟ್ಟುವಂತಿಲ್ಲ. ಸಂಬಳಕ್ಕೆ ಸ್ಥಳೀಯವಾಗಿ ಹಣ ಎತ್ತುವ ದಾರಿ ಪಾರ್ಸೆಲ್ ತೆರಿಗೆ, ಅಂದರೆ ಒಂದೊಂದು ನಿವೇಶನದ ಮೇಲೆ ಹಾಕುವ ತೆರಿಗೆ, ಬೋರ್ಡ್ ಮುಂದಿಟ್ಟರೆ ಅದಕ್ಕೆ ಮೂರನೇ ಎರಡರಷ್ಟು ಮತ ಬೇಕು. ನಿಮ್ಮ ಕೈಯಲ್ಲಿರುವ ಬಲವಾದ ಅಂಶ ಮೀಸಲು ನಿಧಿಯೇ. ಅದು ಯಾವ ವರ್ಷ 3 ಪ್ರತಿಶತಕ್ಕೆ ಇಳಿಯುತ್ತದೆಂದು ಅಂದಾಜಿಸಿದ್ದಾರೆ ಎಂದು ನೇರವಾಗಿ ಕೇಳಿ. ಮಾತನಾಡಲು ಸಿಗುವುದು ಎರಡು ಮೂರು ನಿಮಿಷ ಅಷ್ಟೇ, ಹಾಗಾಗಿ ವರದಿಯ ಪುಟ ಸಂಖ್ಯೆ ಬರೆದುಕೊಂಡು ಹೋಗಿ. ಸಭೆಯ ಹಿಂದಿನ ದಿನವೇ ಇದೇ ಪ್ರಶ್ನೆಯನ್ನು ಐವರು ಸದಸ್ಯರಿಗೂ ಇಮೇಲ್ ಮಾಡಿಬಿಡಿ.