ಸಾಮಾನ್ಯ ಸಾಪೇಕ್ಷತೆ ಕಲಿಯೋಕೆ ಮೊದಲು ಎಷ್ಟು ಗಣಿತ ಬೇಕು?

ಪ್ರಶ್ನೆ:
ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ನ್ಯೂಟನ್ನನ ಮೆಕ್ಯಾನಿಕ್ಸ್ ಬರುತ್ತದೆ. ಸಾಮಾನ್ಯ ಸಾಪೇಕ್ಷತೆಯನ್ನು (ಐನ್‌ಸ್ಟೈನನ ಗುರುತ್ವ ಸಿದ್ಧಾಂತ) ಲೆಕ್ಕ ಸಮೇತ ಕಲಿಯಬೇಕು. ಅದಕ್ಕೆ ಮೊದಲು ಡಿಫರೆನ್ಷಿಯಲ್ ಜಾಮೆಟ್ರಿ (ವಕ್ರ ಮೇಲ್ಮೈಗಳ ಗಣಿತ) ಪೂರ್ತಿ ಮುಗಿಸಬೇಕಾ?

ಉತ್ತರ 1:
ಬೇಡ. ಪಾರ್ಷಿಯಲ್ ಡೆರಿವೇಟಿವ್, ಚೈನ್ ರೂಲ್ ಎರಡೂ ಕೈಗೆ ಹತ್ತಿರಲಿ. ನಿರ್ದೇಶಾಂಕ ಬದಲಿಸುವಾಗ ಪ್ರತಿ ಸಾಲಲ್ಲೂ ಅವೇ ಬರುತ್ತವೆ. ಆಮೇಲೆ ವಿಶೇಷ ಸಾಪೇಕ್ಷತೆಯನ್ನು ನಾಲ್ಕು ಘಟಕಗಳ ವೆಕ್ಟರ್ ಮತ್ತು ಇಂಡೆಕ್ಸ್ ಬರವಣಿಗೆಯಲ್ಲಿ (ಘಟಕಗಳನ್ನು ಮೇಲೆ-ಕೆಳಗೆ ಸಣ್ಣ ಅಕ್ಷರ ಹಾಕಿ ಗುರುತಿಸುವ ರೀತಿ) ಓದಿ. ಬರೀ ಗಡಿಯಾರ ನಿಧಾನವಾಗುವ ಸೂತ್ರ ಕಲಿತರೆ ಮುಂದೆ ಉಪಯೋಗಕ್ಕೆ ಬರೋದಿಲ್ಲ. ಒಂದೇ ಪದದಲ್ಲಿ ಒಂದು ಇಂಡೆಕ್ಸ್ ಮೂರು ಸಲ ಕಂಡರೆ ಅಲ್ಲಿಗೇ ನಿಲ್ಲಿಸಿ, ಎಲ್ಲೋ ತಪ್ಪಾಗಿದೆ.

ಲಗ್ರಾಂಜಿಯನ್ ಮೆಕ್ಯಾನಿಕ್ಸ್ (ಬಲದ ಬದಲು ಶಕ್ತಿಯಿಂದ ಚಲನೆಯ ಸಮೀಕರಣ ತೆಗೆಯುವ ವಿಧಾನ) ಮಾತ್ರ ಬಿಡಲೇಬೇಡಿ.

ಉತ್ತರ 2:
ಲಗ್ರಾಂಜಿಯನ್ ಯಾಕೆ ಅಂದರೆ, ಕ್ರಿಸ್ಟೋಫೆಲ್ ಚಿಹ್ನೆಗಳನ್ನು (ಜಾಗದಿಂದ ಜಾಗಕ್ಕೆ ನಿರ್ದೇಶಾಂಕದ ದಿಕ್ಕುಗಳು ಹೇಗೆ ಬದಲಾಗುತ್ತವೆ ಅಂತ ಹೇಳುವ ಬೆಲೆಗಳು) ಸೂತ್ರ ಹಾಕಿ ತೆಗೆಯೋದಕ್ಕಿಂತ ಅದರ ಆಯ್ಲರ್-ಲಗ್ರಾಂಜ್ ಸಮೀಕರಣದ ದಾರಿಯಲ್ಲಿ ತೆಗೆಯೋದು ಬೇಗ. ತ್ರಿಜ್ಯ 1 ಇರುವ ಗೋಳದ ಮೇಲ್ಮೈ ತೆಗೆದುಕೊಳ್ಳಿ. ಮೆಟ್ರಿಕ್ಕಿನಲ್ಲಿ (ದೂರ ಅಳೆಯುವ ಸೂತ್ರ) ಥೀಟಾಗೆ (ಧ್ರುವದಿಂದ ಅಳೆದ ಕೋನ) 1, ಫೈಗೆ (ಅಕ್ಷದ ಸುತ್ತಲಿನ ಕೋನ) ಸೈನ್ ಥೀಟಾದ ವರ್ಗ. ಥೀಟಾ ಸಮೀಕರಣದಿಂದ ಮೈನಸ್ ಸೈನ್ ಥೀಟಾ ಕಾಸ್ ಥೀಟಾ ಸಿಗುತ್ತದೆ. ಫೈ ಸಮೀಕರಣದಲ್ಲಿ ಕಾಣೋದು 2 ಕಾಟ್ ಥೀಟಾ, ಆದರೆ ಚಿಹ್ನೆಯ ಬೆಲೆ ಕಾಟ್ ಥೀಟಾ ಅಷ್ಟೇ. ಥೀಟಾ-ಫೈ, ಫೈ-ಥೀಟಾ ಎರಡೂ ಸೇರಿಯೇ ಆ 2 ಬಂದಿರುತ್ತದೆ. ಅರ್ಧ ಮಾಡೋದು ಮರೆತರೆ ಮುಂದಿನ ಲೆಕ್ಕವೆಲ್ಲ ಹಾಳು. ಕೊನೆಗೆ ಸ್ಕೇಲಾರ್ ವಕ್ರತೆ (ವಕ್ರತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದು) 2 ಬಂದರೆ ಸರಿ.

ಪ್ರಶ್ನೆ ಕೇಳಿದವರು:
ಪೋಲಾರ್ ನಿರ್ದೇಶಾಂಕದಲ್ಲಿ ಸಪಾಟು ಸಮತಲಕ್ಕೂ ಈ ಕ್ರಿಸ್ಟೋಫೆಲ್ ಚಿಹ್ನೆಗಳು ಸೊನ್ನೆ ಬರುತ್ತಿಲ್ಲವಲ್ಲ? ಅದೂ ವಕ್ರವೇ?

ಉತ್ತರ 2:
ಅಲ್ಲ. ಅಲ್ಲಿ ಮೈನಸ್ ತ್ರಿಜ್ಯ ಮತ್ತು 1/ತ್ರಿಜ್ಯ ಬಂದಿರಬೇಕು, ಅದು ಸರಿಯೇ. ಕ್ರಿಸ್ಟೋಫೆಲ್ ಚಿಹ್ನೆ ಟೆನ್ಸರ್ ಅಲ್ಲ (ಟೆನ್ಸರ್ ಒಂದು ನಿರ್ದೇಶಾಂಕದಲ್ಲಿ ಸೊನ್ನೆಯಾದರೆ ಎಲ್ಲದರಲ್ಲೂ ಸೊನ್ನೆ), ನಿರ್ದೇಶಾಂಕ ಬದಲಿಸಿದರೆ ಸೊನ್ನೆಯೂ ಆಗಬಹುದು. ಅವನ್ನೇ ವಕ್ರತೆ ಅಳೆಯುವ ರೀಮನ್ ಟೆನ್ಸರಿಗೆ ಹಾಕಿ ನೋಡಿ, ಎಲ್ಲ ಪದಗಳೂ ವಜಾ ಆಗಿ ಸೊನ್ನೆ ಉಳಿಯುತ್ತದೆ. ಇದೇ ಭೌತಶಾಸ್ತ್ರದಲ್ಲೂ ಇದೆ: ಮುಕ್ತವಾಗಿ ಬೀಳುವವನಿಗೆ ಕ್ರಿಸ್ಟೋಫೆಲ್ ಚಿಹ್ನೆಯಂತೆ ಗುರುತ್ವ ಗೊತ್ತಾಗೋದಿಲ್ಲ, ಆದರೆ ರೀಮನ್ ಟೆನ್ಸರಿನಂತೆ ಉಬ್ಬರವಿಳಿತ ಎಬ್ಬಿಸುವಂಥ ಬಲ ಉಳಿದೇ ಉಳಿಯುತ್ತದೆ. ಎಷ್ಟು ಚೆಂದದ ಹೊಂದಾಣಿಕೆ! ಈ ಎರಡು ಲೆಕ್ಕ ಕೈಯಾರೆ ಮಾಡದೆ ಮುಂದೆ ಹೋಗಬೇಡಿ.

ಉತ್ತರ 3:
ಎರಡು ಪುಸ್ತಕ ಒಟ್ಟಿಗೆ ಓದುವುದಾದರೆ ಪ್ಲಸ್-ಮೈನಸ್ ಚಿಹ್ನೆಗಳ ಕಡೆ ಗಮನವಿರಲಿ. ಮೆಟ್ರಿಕ್ಕಿನಲ್ಲಿ ಕೆಲವರು ಕಾಲದ ಪದಕ್ಕೆ ಮೈನಸ್ ಹಾಕುತ್ತಾರೆ, ಕೆಲವರು ದೇಶದ (ಸ್ಪೇಸ್) ಮೂರು ಪದಗಳಿಗೆ. ರೀಮನ್ ಟೆನ್ಸರಿನ ಚಿಹ್ನೆಯೂ ಬೇರೆ ಇರಬಹುದು. ಪುಟದ ತುದಿಯಲ್ಲೇ ಬರೆದಿಟ್ಟುಕೊಳ್ಳಿ.

ಐನ್‌ಸ್ಟೈನ್ ಸಮೀಕರಣಕ್ಕೆ ಕಾಯದೆ, 1916ರ ಶ್ವಾರ್ಜ್‌ಶೀಲ್ಡ್ ಮೆಟ್ರಿಕ್ (ಸೂರ್ಯನಂಥ ಗೋಳಾಕಾರದ ಕಾಯದ ಸುತ್ತಲಿನ ಮೆಟ್ರಿಕ್) ಕೊಟ್ಟಿದೆ ಅಂತ ಇಟ್ಟುಕೊಂಡು ಅದೇ ಲಗ್ರಾಂಜಿಯನ್ ದಾರಿಯಲ್ಲಿ ಬುಧನ ಕಕ್ಷೆ ಬಿಡಿಸಿ. ನ್ಯೂಟನ್ನನ ಸಮೀಕರಣಕ್ಕಿಂತ ಒಂದು ಪದ ಹೆಚ್ಚಿಗೆ ಬರುತ್ತದೆ. ಬುಧನ ಕಕ್ಷೆ ಶತಮಾನಕ್ಕೆ 43 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ ಅಂದರೆ ಒಂದು ಆರ್ಕ್‌ಸೆಕೆಂಡ್) ಹೆಚ್ಚಿಗೆ ತಿರುಗುವುದು ಅದರಿಂದಲೇ.