ಅಪ್‌ಡೇಟ್: ಜೀಪಿನ ಹಿಂಬಾಗಿಲ ಬಿರುಕಿಗೆ ನಿಜವಾದ ಕಾರಣ ಸಿಕ್ಕಿತು

ಸ್ಟೆಪ್ನಿ ಹೊತ್ತ ಹಿಂಬಾಗಿಲಿನಲ್ಲಿ ಕೀಲಿನ ಪಕ್ಕದ ತಗಡು ಎರಡು ಬಾರಿ ವೆಲ್ಡಿಂಗ್ ಮಾಡಿಸಿದರೂ ಮತ್ತೆ ಬಿರಿಯುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಮನಸಾರೆ ಕೃತಜ್ಞತೆ. ಮೂಡಿಗೆರೆಯ ತೋಟದ ದಾರಿಯಲ್ಲಿ ಒಂದು ಮಳೆಗಾಲ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಒಳಹೊದಿಕೆ ಬಿಚ್ಚಿದಾಗ ಎದೆ ಝಲ್ಲೆಂದಿತು. ಹೊರಗೆ ಎರಡು ಇಂಚು ಕಾಣುತ್ತಿದ್ದ ಬಿರುಕು ಒಳಗೆ ಗೇಣುದ್ದ ಓಡಿತ್ತು. ಹಳೆಯ ವೆಲ್ಡಿಂಗ್ ಗಟ್ಟಿಯಾಗಿಯೇ ಇತ್ತು. ಅದರ ಅಂಚಿನಲ್ಲೇ ಹೊಸ ಸೀಳು ಹುಟ್ಟಿತ್ತು. ಬಾಗಿಲನ್ನು ಅಲುಗದಂತೆ ಒತ್ತಿಹಿಡಿಯುವ ರಬ್ಬರ್ ಬಫರ್‌ಗಳು ಸವೆದಿದ್ದವು, ಕೀಲಿನ ಪಿನ್ ಸಡಿಲವಾಗಿತ್ತು. ಪ್ರತಿ ಹಳ್ಳಕ್ಕೂ ಸ್ಟೆಪ್ನಿ ಚಕ್ರದ ಭಾರ ತಗಡನ್ನು ಹಿಂದೆ ಮುಂದೆ ಬಗ್ಗಿಸುತ್ತಿತ್ತು. ಇದನ್ನು ಸರಿಪಡಿಸದೆ ಎಷ್ಟು ಬೆಸೆದರೂ ವ್ಯರ್ಥ.

ಟಿಂಕರಿಂಗ್ ಮಾಡುವವರು ಬ್ಯಾಟರಿ ಸಂಪರ್ಕ ತೆಗೆದು, ಬಣ್ಣ ಕೆರೆದು, ಬಿರುಕಿನ ಕಟ್ಟಕಡೆಯ ತುದಿ ಹುಡುಕಿ ಅಲ್ಲಿ 3 ಮಿ.ಮೀ. ತೂತು ಕೊರೆದರು. ಚೂಪಾದ ತುದಿಯಲ್ಲಿ ಒಟ್ಟುಗೂಡುವ ಒತ್ತಡವನ್ನು ದುಂಡನೆಯ ತೂತು ಹರಡುತ್ತದೆ. ನಂತರ ಚುಕ್ಕೆ ಚುಕ್ಕೆಯಾಗಿ, ಬಿಸಿ ಆರಲು ಬಿಟ್ಟು, ಮಿಗ್ ವೆಲ್ಡಿಂಗ್ (ಅನಿಲದ ರಕ್ಷಣೆಯಲ್ಲಿ ತಂತಿ ಕರಗಿಸಿ ಬೆಸೆಯುವುದು) ಮಾಡಿದರು. ಒಳಗಿನಿಂದ ಮೂಲೆ ದುಂಡಾಗಿಸಿದ ತೆಳು ಪಟ್ಟಿಯನ್ನು ಕೂರಿಸಿದರು. ದಪ್ಪ ಪಟ್ಟಿಯೇ ಬೇಕೆಂದು ನಾನು ಹಟ ಹಿಡಿದಿದ್ದೆ. ಅದು ಬಿರುಕನ್ನು ಪಟ್ಟಿಯ ಅಂಚಿಗೆ ಸಾಗಿಸುತ್ತದೆ ಅಷ್ಟೆ ಎಂದು ನಿಮ್ಮಲ್ಲೊಬ್ಬರು ತಡೆದದ್ದು ದೊಡ್ಡ ಉಪಕಾರ.

ಬಫರ್, ಪಿನ್ ಹೊಸದು. ತುಕ್ಕು ಹಿಡಿಯದಂತೆ ಪ್ರೈಮರ್, ಒಳಗೆ ಮೇಣ. ಮೊನ್ನೆ ಟಾರ್ಚ್ ಹಿಡಿದು ನೋಡಿದೆ, ಬಣ್ಣದಲ್ಲಿ ಕೂದಲೆಳೆಯಷ್ಟೂ ಸೀಳಿಲ್ಲ.